ಕಪ್ಪಲ್ ರಾಚಪ್ಪ

ಹಗ್ಗ ಕಣ್ಣಿಗೆ ಬಿದ್ದರೆ ರಾಚಪ್ಪನ ಕೈ ಸುಮ್ಮನಿರುತ್ತಿರಲಿಲ್ಲ. ಯಾರದೋ ಮನೆ ಮುಂದೆ ಹಸು ಕಟ್ಟಿದ್ದರೆ ಹೋಗುವ ದಾರಿಯಲ್ಲೇ ನಿಂತು, ಅವರ ಗಂಟು ಬಿಚ್ಚಿ ತನ್ನ ಗಂಟು ಹಾಕಿ ಮುಂದಕ್ಕೆ ಹೋಗುತ್ತಿದ್ದ. ಸಂಜೆ ಹಾಲು ಕರೆಯಲು ಬಂದ ಹೆಂಗಸು ಆ ಗಂಟಿನ ಜೊತೆ ಗುದ್ದಾಡಿ ಸೋತು, ಹಾಕಿದವನ ವಂಶವನ್ನೆಲ್ಲ ಬಯ್ಯುತ್ತಿದ್ದಳು. ಆಗ ಎಲ್ಲಿಂದಲೋ ಅವನೇ ಬಂದು ಹಗ್ಗದ ತುದಿಯನ್ನು ಒಂದು ಸಲ ಜಗ್ಗಿದರೆ ಗಂಟು ಕಳಚಿ ಬೀಳುತ್ತಿತ್ತು. "ಆನೆ ಎಳೆದ್ರೂ ಬಿಚ್ಚಬಾರ್ದು, ಬೇಕು ಅಂದಾಗ ಒಂದೇ ಬೆರಳ್ಗ ಬಿಚ್ಚಬೇಕು. ಅದು ಗಂಟು ಕಣವ್ವ," ಎನ್ನುತ್ತಿದ್ದ. ಬಯ್ಯುತ್ತಿದ್ದವಳು ನಕ್ಕು ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದಳು.

ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸತ್ತವರ ಬಗ್ಗೆ, ದೂರ ಹೋದವರ ಬಗ್ಗೆ ಬರೆಯುವಾಗ ಎಲ್ಲರೂ ಅವರನ್ನು ಮೊದಲಿನಿಂದಲೂ ಪ್ರೀತಿಸುತ್ತಿದ್ದವರ ಹಾಗೆ ಬರೆಯುತ್ತಾರೆ. ನಾನು ರಾಚಪ್ಪನನ್ನು ಕಂಡು ಹೊಟ್ಟೆ ಉರಿದುಕೊಂಡೇ ಬೆಳೆದವನು, ಹೊಟ್ಟೆ ಉರಿದುಕೊಂಡೇ ಮುದುಕನಾಗುತ್ತಿರುವವನು. ಆ ಮಜ್ಜಿಗೆ ಲೋಟಕ್ಕೂ ಉರಿದುಕೊಂಡಿದ್ದೇನೆ.

ನಮ್ಮೂರು ತಾಳವಾಡಿಯಿಂದ ಗುಮಟಾಪುರದ ಕಡೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿದೆ. ನಮ್ಮಪ್ಪ ಆಚಾರಿ. ಸುತ್ತಿನ ಹಳ್ಳಿಗಳಲ್ಲಿ ಎತ್ತಿನ ಗಾಡಿ ಎಂದರೆ ಅವನದೇ ಕೈ. ರಾಚಪ್ಪ ಪಕ್ಕದ ಬೀದಿಯ ಒಕ್ಕಲು ಮಗ, ನನ್ನ ಓರಗೆಯವನು. ಹೊಲಕ್ಕೆ ಹೋಗು ಎಂದು ಕಳಿಸಿದರೆ ನಮ್ಮ ಕೊಟ್ಟಿಗೆಗೆ ಬಂದು ಕೂರುತ್ತಿದ್ದ. ಅಪ್ಪ ಅವನ ಕೈಗೆ ಉಳಿ ಕೊಟ್ಟ. ಒಂದು ವರ್ಷದೊಳಗೆ ಅವನು ಕೊರೆದ ತೂತಿಗೆ ಚಕ್ರದ ಕಡ್ಡಿ ಎರಡು ಪೆಟ್ಟಿಗೆ ಕೂರುತ್ತಿತ್ತು. ನನ್ನದಕ್ಕೆ ನಾಲ್ಕೈದು ಪೆಟ್ಟು ಬೇಕು, ಆಮೇಲೂ ಸಂದಿಗೆ ಒಂದು ಚಕ್ಕೆ ಬೇಕು. "ಮರ ಇವ್ನ ಮಾತ ಕೇಳ್ತದ," ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ನನ್ನ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಬಯ್ದಿದ್ದರೆ ಅದನ್ನಾದರೂ ನೆನಪಿಟ್ಟುಕೊಳ್ಳುತ್ತಿದ್ದೆ. ನಾನು ಮಾಡಿದ್ದನ್ನು ತಿರುಗಿಸಿ ನೋಡಿ, ಕೆಳಗಿಟ್ಟು, ಬೀಡಿ ಹಚ್ಚುತ್ತಿದ್ದ, ಅಷ್ಟೇ.

ಹತ್ತೊಂಬತ್ತನೇ ವಯಸ್ಸಿಗೆ ರಾಚಪ್ಪ ಸತ್ಯಮಂಗಲದ ಮರದ ವ್ಯಾಪಾರಿಯೊಬ್ಬನ ಜೊತೆ ಕೊಚ್ಚಿಗೆ ಹೋದ. ಅಲ್ಲಿ ದೋಣಿ ರಿಪೇರಿ ಮಾಡುವ ಅಂಗಳವೊಂದರಲ್ಲಿ ಕೆಲಸಕ್ಕೆ ನಿಂತ ಎಂದು ಸುದ್ದಿ ಬಂತು. ನನಗೆ ಉಸಿರು ಬಿಟ್ಟ ಹಾಗಾಯಿತು. ಈಗ ಅಪ್ಪನಿಗೆ ನಾನೊಬ್ಬನೇ ಎಂದುಕೊಂಡೆ. ಆದರೆ ಕಾಲ ನನ್ನ ಕಡೆ ಇರಲಿಲ್ಲ. ಗಾಡಿಗಳಿಗೆ ರಬ್ಬರ್ ಟೈರು ಬಂತು, ಆಮೇಲೆ ಗಾಡಿಗಳೇ ಹೋಗಿ ಟೆಂಪೋ ಬಂತು. ಅಪ್ಪ ಉಳಿಗಳಿಗೆ ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿಟ್ಟು ಜಗಲಿ ಹಿಡಿದ. ನಾನು ತಾಳವಾಡಿ ಬಜಾರಿನಲ್ಲಿ ಅಂಗಡಿ ಹಾಕಿ ಪ್ಲೈವುಡ್ಡಿನ ಮಂಚ, ಬೀರು, ಬಾಗಿಲು ಮಾಡತೊಡಗಿದೆ. ವ್ಯಾಪಾರ ಚೆನ್ನಾಗಿಯೇ ನಡೆಯಿತು. ಅಪ್ಪ ಮಾತ್ರ ಒಂದು ದಿನವೂ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. "ಕಾಗ್ದ ಅಂಟ್ಸದ ನೋಡಾಕ ಅಲ್ಗಂಟ ಯಾಕ ಬರ್ಲಿ," ಎಂದುಬಿಟ್ಟ.

ಮೂವತ್ತು ವರ್ಷದ ಮೇಲೆ ರಾಚಪ್ಪ ಬಂದ. ಬಂದದ್ದು ಹೇಗೆಂದರೆ, ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಹತ್ತಿಕೊಂಡು, ಒಂದು ಲಾರಿಯ ಮೇಲೆ, ಆ ಲಾರಿಯ ಮೇಲೆ ಕಟ್ಟಿದ್ದ ಹಾಯಿದೋಣಿಯೊಳಗೆ ನಿಂತುಕೊಂಡು. ಇಪ್ಪತ್ತೆರಡು ಅಡಿ ಉದ್ದದ ತೇಗದ ದೋಣಿ. ಒಳಗೆ ಇಬ್ಬರು ಮಲಗುವ ಹಲಗೆ, ಒಂದು ಸಣ್ಣ ಒಲೆ, ನೀರಿನ ಡ್ರಮ್ಮು, ತಲೆ ಬಗ್ಗಿಸಿ ಹೋಗುವಂಥ ಒಂದು ಗೂಡು. ಹಾಯಿಯ ಕಂಬವನ್ನು ಇಳಿಸಿ ಉದ್ದಕ್ಕೆ ಮಲಗಿಸಿ ಕಟ್ಟಿದ್ದರು. ಚೆಕ್‌ಪೋಸ್ಟಿನವನು ಲಾರಿಯ ಸುತ್ತ ಎರಡು ಸುತ್ತು ಬಂದು, "ಎನ್ನಯ್ಯಾ ಇದು, ಕಪ್ಪಲಾ?" ಎಂದು ಕೇಳಿದನಂತೆ. ತಮಿಳಿನಲ್ಲಿ ಕಪ್ಪಲ್ ಎಂದರೆ ಹಡಗು. ಲಾರಿ ತಾಳವಾಡಿ ಮುಟ್ಟುವ ಹೊತ್ತಿಗೆ ಹೆಸರು ಅದಕ್ಕಿಂತ ಮೊದಲೇ ಮುಟ್ಟಿತ್ತು. ಅಂದಿನಿಂದ ಅವನು ಕಪ್ಪಲ್ ರಾಚಪ್ಪ.

ಆ ದೋಣಿ ಒಬ್ಬ ವಿದೇಶಿ ಮುದುಕನದು. ಅದರಲ್ಲೇ ದೇಶ ದೇಶ ಸುತ್ತಿಕೊಂಡು ಕೊಚ್ಚಿಗೆ ಬಂದವನು, ಕಾಯಿಲೆ ಬಿದ್ದು ವಿಮಾನದಲ್ಲಿ ಊರಿಗೆ ಹೋಗುವಾಗ, ಇಷ್ಟು ವರ್ಷ ನೋಡಿಕೊಂಡವನು ನೀನು, ನೀನೇ ಇಟ್ಟುಕೋ ಎಂದು ಕಾಗದ ಬರೆದುಕೊಟ್ಟು ಹೋಗಿದ್ದ. ಕೊಚ್ಚಿಯ ಮಳೆಗಾಲದಲ್ಲಿ ದೋಣಿ ಕೊಳೆಯುತ್ತದೆ, ಅದಕ್ಕೆ ಮಳೆ ಕಮ್ಮಿ ಇರುವ ನಮ್ಮ ಬೆಟ್ಟಕ್ಕೆ ತಂದೆ ಎಂದು ರಾಚಪ್ಪ ವಿವರಿಸಿದ. "ಉಪ್ಪುನೀರು ಮರಾವ ಕಾಯ್ತದ, ಮಳೆನೀರು ಕೊಲ್ತದ," ಎಂದ. ಊರಿನವರಿಗೆ ಅದೆಲ್ಲ ತಲೆಗೆ ಹೋಗಲಿಲ್ಲ. "ಎಲ್ಲಿಗ್ಲಾ ಬುಟ್ಟೀಯೆ ಇದ್ನ? ನಮ್ ಕೆರೇಲಿ ಕಪ್ಪೇನೂ ಈಜಕಿಲ್ವಲ್ಲಾ!" ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಆ ನಗು ಹೆಚ್ಚು ಹೊತ್ತು ಬಾಳಲಿಲ್ಲ. ಎರಡು ವರ್ಷದಿಂದ ಜಗಲಿ ಇಳಿಯದಿದ್ದ ನಮ್ಮಪ್ಪ, ಎಂಬತ್ತು ದಾಟಿದವನು, ಕೋಲೂರಿಕೊಂಡು ರಾಚಪ್ಪನ ಕಣದವರೆಗೆ ನಡೆದು ಬಂದ. ಹುಣಸೆಮರದ ಕೆಳಗೆ ದಿಮ್ಮಿಗಳ ಮೇಲೆ ಕೂರಿಸಿದ್ದ ದೋಣಿಯ ಹೊಟ್ಟೆಗೆ ಅಂಗೈ ಇಟ್ಟ. ಮುಂದಿನಿಂದ ಹಿಂದಿನವರೆಗೆ ಕೈ ಆಡಿಸುತ್ತಾ ನಡೆದ. ಹಲಗೆ ಹಲಗೆ ಸೇರುವ ಕಡೆಯಲ್ಲೆಲ್ಲ ನಿಂತು ಉಗುರಿನಿಂದ ಗೀರಿ ನೋಡಿದ.

"ಯಾರ್ಲಾ ಮಾಡ್ದವ ಇದ್ನ?" ಎಂದ.

"ಗೊತ್ತಿಲ್ಲ ಮಾವ. ಮಾಡ್ದವ ಸತ್ತು ಐವತ್ತು ವರ್ಸ ಆಗಿರ್ಬೇಕು," ಎಂದ ರಾಚಪ್ಪ.

"ಅವ ಸತ್ತಿಲ್ಲ ಕಣ್ಲಾ," ಎಂದ ಅಪ್ಪ. ಮಾರನೆಯ ಬೆಳಿಗ್ಗೆ ಗೋಣಿ ಬಿಚ್ಚಿ ಉಳಿಗಳನ್ನು ಹೊರಗೆ ತೆಗೆದ.

ಅಲ್ಲಿಂದ ಮುಂದೆ ವರ್ಷಕ್ಕೆ ನಾಲ್ಕು ತಿಂಗಳು ನಮ್ಮಪ್ಪ ನಮ್ಮಪ್ಪನಾಗಿರಲಿಲ್ಲ, ರಾಚಪ್ಪನ ಆಚಾರಿಯಾಗಿದ್ದ. ಮುಂಗಾರು ಕೊಚ್ಚಿಗೆ ಬರುವ ಮುಂಚೆ ದೋಣಿ ಮೇಲೆ ಬರುತ್ತಿತ್ತು. ಆಯುಧಪೂಜೆಯ ದಿನ ಅದಕ್ಕೆ ವಿಭೂತಿ ಬಳಿದು, ಬೂದುಗುಂಬಳ ಒಡೆದು, ಲಾರಿ ಹತ್ತಿಸಿ ಕೆಳಗೆ ಕಳಿಸುತ್ತಿದ್ದರು. ಆಮೇಲೆ ರಾಚಪ್ಪ ಬೇಸಿಗೆಯವರೆಗೆ ಅದರಲ್ಲೇ ವಾಸ. ಕೊಚ್ಚಿಯಿಂದ ದಡ ಹಿಡಿದುಕೊಂಡು ಮಂಗಳೂರು, ಮಲ್ಪೆ, ಕಾರವಾರ, ಗೋವಾ. ಒಂಟಿಯಾಗಿ ಹೋಗುತ್ತಿದ್ದ, ಮದುವೆ ಗಿದುವೆ ಮಾಡಿಕೊಂಡವನಲ್ಲ. ಹಾಯಿ ಬಿಚ್ಚಿದ ಫೋಟೋಗಳನ್ನು ಫೋನಿನಲ್ಲಿ ಕಳಿಸುತ್ತಿದ್ದ. ಕಳಿಸುತ್ತಿದ್ದದ್ದು ನನ್ನ ಫೋನಿಗೆ, ಅಪ್ಪನಿಗೆ ತೋರಿಸಲಿ ಎಂದು. ಅಪ್ಪ ಕಣ್ಣಿನ ಹತ್ತಿರ ಹಿಡಿದುಕೊಂಡು ಸಮುದ್ರವನ್ನು ಬಿಟ್ಟು ಹಲಗೆಗಳನ್ನೇ ನೋಡುತ್ತಿದ್ದ. ನಾನು ಕೆಲವು ಫೋಟೋಗಳನ್ನು ತೋರಿಸದೆ ಅಳಿಸಿಹಾಕಿದ್ದೂ ಉಂಟು.

ದೋಣಿ ಇಟ್ಟುಕೊಳ್ಳುವುದು ಎಂಥ ಚಾಕರಿ ಎಂಬುದು ನಮಗೆಲ್ಲ ಆಗ ಗೊತ್ತಾಯಿತು. ತಳಕ್ಕೆ ಅಂಟಿದ ಕಡಲಚಿಪ್ಪು ಕೆರೆಯಬೇಕು, ಹಳೇ ಬಣ್ಣ ಕಿತ್ತು ಹೊಸದು ಬಳಿಯಬೇಕು, ತಾಮ್ರದ ಮೊಳೆ ಒಂದೊಂದನ್ನೂ ತಟ್ಟಿ ಸದ್ದು ಕೇಳಬೇಕು, ಹಲಗೆಗಳ ಸಂದಿಗೆ ಹತ್ತಿಯ ಎಳೆ ಬಡಿದು ಮೇಲೆ ಲಪ್ಪ ಎಂಬ ಮೆತ್ತನೆಯ ಪುಟ್ಟಿ ಸವರಬೇಕು. ಹಾಯಿಯನ್ನು ಹುರುಳಿ ಹೊಲದ ಮೇಲೆ ಹರಡಿ ಹರಿದ ಕಡೆ ಹೊಲಿಯುತ್ತಿದ್ದ. "ಕರಾವಿನ ಎಮ್ಮೆ ಇಟ್ಕಂಡಂಗ ಕಣ್ಲಾ ಇದು. ಒಂದಿನ ತಿರುಗಿ ನೋಡ್ಲಿಲ್ಲ ಅಂದ್ರ ಮಾರ್ನೇ ದಿನ ಒದೀತದ," ಎನ್ನುತ್ತಿದ್ದ. ಹಾಗೆ ಹೇಳುವಾಗ ಅವನ ಮುಖದಲ್ಲಿ ದೂರಿನ ಲವಲೇಶವೂ ಇರುತ್ತಿರಲಿಲ್ಲ. ಒಂದು ವಸ್ತುವಿಗೆ ಇಷ್ಟು ಸಂತೋಷವಾಗಿ ದುಡಿಯಬಹುದೇ ಎಂದು ನಾನು ಪ್ಲೈವುಡ್ಡಿಗೆ ಮೊಳೆ ಹೊಡೆಯುತ್ತಾ ಯೋಚಿಸುತ್ತಿದ್ದೆ.

ಮೊದಲ ವರ್ಷ ಒಂದು ತಮಾಷೆ ನಡೆಯಿತು. ನಮ್ಮ ಬೆಟ್ಟದ ಒಣಗಾಳಿಗೆ ಹಲಗೆ ಕುಗ್ಗಿ ಸಂದಿ ಬಿಡಬಾರದೆಂದು ರಾಚಪ್ಪ ದೋಣಿಗೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದ. ಮಳೆನೀರಿನ ಭಯವಿದ್ದವನಲ್ಲವೇ, ಎರಡು ಮೂಟೆ ಕಲ್ಲುಪ್ಪು ತರಿಸಿ ಕರಗಿಸಿ, ಆ ಉಪ್ಪುನೀರಿನಲ್ಲಿ ಚೀಲಗಳನ್ನು ಅದ್ದಿ ಹೊದಿಸಿದ. ಕಾಡಿನಂಚಿನ ಊರಿನಲ್ಲಿ ಹುಟ್ಟಿದವನು ಮಾಡುವ ಕೆಲಸವೇ ಅದು? ಮೂವತ್ತು ವರ್ಷ ಸಮುದ್ರದ ಬದಿಯಲ್ಲಿದ್ದು ಮರೆತುಬಿಟ್ಟಿದ್ದ. ಬೆಳಿಗ್ಗೆ ಎದ್ದು ನೋಡಿದರೆ ಚೀಲಗಳೆಲ್ಲ ಹೊಲದ ತುಂಬ ಚೆಲ್ಲಾಪಿಲ್ಲಿ, ಕಣದಲ್ಲಿ ರಾಶಿ ಲದ್ದಿ, ದೋಣಿಯ ಒಂದು ಮಗ್ಗುಲು ತೊಳೆದಿಟ್ಟ ಹಾಗೆ ಚೊಕ್ಕಟ. ಒಂಟಿ ಸಲಗವೊಂದು ತಾಳಮಲೆ ಕಾಡಿನ ಕಡೆಯಿಂದ ಬಂದು ಉಪ್ಪನ್ನೆಲ್ಲ ನೆಕ್ಕಿ ಹೋಗಿತ್ತು. ಫಾರೆಸ್ಟಿನವರು ಬಂದು ಆನೆಗೆ ಔತಣ ಹಾಕುತ್ತೀಯಾ ಎಂದು ಗದರಿದರು. ರಾಚಪ್ಪ ಲದ್ದಿ ಬಾಚುತ್ತಾ, "ಈ ಸೀಮೇಲಿ ಕಡ್ಲು ಬೇಕು ಅಂದವ ನಾನೊಬ್ನೆ ಅನ್ಕಂಡಿದ್ದಿ, ಇನ್ನೊಬ್ಬ ಅವ್ನ," ಎಂದ. ಅಪ್ಪ ಬಿದ್ದು ಬಿದ್ದು ನಕ್ಕ. ಅಪ್ಪ ಹಾಗೆ ನಕ್ಕಿದ್ದನ್ನು ನಾನು ನನ್ನ ಮನೆಯಲ್ಲಿ ಕಂಡಿರಲಿಲ್ಲ.

ಅಂದಿನಿಂದ ಕೆರೆಯ ನೀರೇ ಆಯಿತು. ದಿನಾ ಬೆಳಿಗ್ಗೆ ಇಬ್ಬರೂ ಸೇರಿ ಚೀಲ ನೆನೆಸುವುದು, ಆಮೇಲೆ ನನ್ನ ಹೆಂಡತಿ ಕಳಿಸಿದ ರೊಟ್ಟಿ ಚಟ್ನಿ ತಿನ್ನುವುದು, ಸಂಜೆಯವರೆಗೆ ಕೆರೆಯುವುದು. ಸಂಜೆ ಮನೆಗೆ ಬಂದ ಅಪ್ಪನ ಬಾಯಲ್ಲಿ ರಾಚ ಇಂಗಂದ, ರಾಚ ಅಂಗ್ಮಾಡ್ದ. ನನ್ನ ಅಂಗಡಿಯಲ್ಲಿ ಆ ವಾರ ಮದುವೆಯ ಆರು ಮಂಚ ತಯಾರಾಗಿವೆ ಎಂದರೆ, "ಊಂ" ಎಂದು ಅನ್ನ ಕಲಸುತ್ತಿದ್ದ.

ಮೂರನೆಯ ವರ್ಷ ಮಳೆ ಕೈಕೊಟ್ಟು ಗಾಳಿ ಬೆಂಕಿಯ ಹಾಗೆ ಬೀಸಿತು. ಆ ವರ್ಷವೇ ರಾಚಪ್ಪನ ಕಣ್ಣಿಗೆ ಪೊರೆ ಬಂದು, ಕೊಯಮತ್ತೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ತಿಂಗಳ ಕಾಲ ಸತ್ಯಮಂಗಲದ ತಂಗಿಯ ಮನೆಯಲ್ಲಿ ಉಳಿಯಬೇಕಾಯಿತು. ಹೋಗುವಾಗ ಅಪ್ಪನಿಗೂ ನನಗೂ ಹೇಳಿದ: "ಚೀಲ ಒಣಗಾಕ ಬುಡ್ಬೇಡಿ. ಸಂದಿ ಬುಟ್ರೂ ಗಟ್ಟಿ ಯಾವ್ದೂ ತುಂಬ್ಬೇಡಿ, ಅತ್ತಿ ಎಳೇನೇ ಸಾಕು. ನೀರ್ಗ ಬಿದ್ಮೇಲ ಮರ ಉಬ್ತದ. ಅದುಕ್ಕ ಉಬ್ಬಾಕ ಜಾಗ ಬೇಕು." ಅವನು ಹೋದ ಮಾರನೆಯ ದಿನವೇ ಅಪ್ಪ ಜ್ವರ ಹಿಡಿದು ಮಲಗಿದ. ಹಾಸಿಗೆಯಿಂದಲೇ, "ಮಾದೇವ, ರಾಚನ ದೋಣಿ ನೋಡ್ಕಳ್ಳಾ," ಎಂದ. ತನ್ನ ಜ್ವರದ ಮಾತ್ರೆ ಬಗ್ಗೆ ಕೇಳಲಿಲ್ಲ.

ನಾನು ಹತ್ತು ದಿನ ಹೋಗಲೇ ಇಲ್ಲ. ಹನ್ನೊಂದನೆಯ ದಿನ ಹೋದಾಗ ಚೀಲಗಳು ಹಪ್ಪಳವಾಗಿದ್ದವು, ಹಲಗೆಗಳ ನಡುವೆ ಬೆಳಕು ಕಾಣುತ್ತಿತ್ತು. ನಿಂತು ನೋಡಿದೆ. ಇವರಿಬ್ಬರೂ ಸೇರಿ ನಾಲ್ಕು ತಿಂಗಳು ಎಳೆದಾಡುವ ಕೆಲಸವನ್ನು ನಾನು ಮೂರು ದಿನದಲ್ಲಿ ಮುಗಿಸಿ ತೋರಿಸುತ್ತೇನೆ ಎನ್ನಿಸಿತು. ಅಂಗಡಿಯಿಂದ ಎರಡು ಡಬ್ಬಿ ಬೆರೆಸುವ ಅಂಟು ತಂದೆ, ಒಣಗಿದರೆ ಕಲ್ಲಾಗುವಂಥದು. ಮರದ ಹಿಟ್ಟು ಕಲಸಿ ಪ್ರತಿಯೊಂದು ಸಂದಿಗೂ ಒತ್ತಿ ಒತ್ತಿ ತುಂಬಿದೆ. ಮಿಷನ್ ಹಿಡಿದು ಉಜ್ಜಿ, ಮೇಲೆ ಎರಡು ಕೋಟು ಬಣ್ಣ ಹೊಡೆದೆ. ದೋಣಿಯಲ್ಲಿ ಒಂದು ಗೆರೆಯೂ ಕಾಣದ ಹಾಗೆ ಮಾಡಿದೆ.

ಉಬ್ಬುವ ವಿಷಯ ನನಗೆ ಗೊತ್ತಿರಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋಗಲಿ. ಬೇಸಿಗೆಯಲ್ಲಿ ಗಾಡಿಯ ಚಕ್ರ ಒಣಗಿ ಕಬ್ಬಿಣದ ಪಟ್ಟಿ ಸಡಿಲವಾದರೆ, ಗಾಡಿಯನ್ನು ಕೆರೆಗೆ ಇಳಿಸಿ ನೆನೆಸಿ ಮರ ಉಬ್ಬಿಸಿ ಬಿಗಿ ಮಾಡುವ ಮನೆಯಲ್ಲಿ ಹುಟ್ಟಿದವನು ನಾನು. ಆ ಗಾಡಿಗಳನ್ನು ಕೆರೆಗೆ ತಳ್ಳಿದ್ದು ಇದೇ ಕೈ. ಗೊತ್ತಿತ್ತು. ಆದರೆ ಅಪ್ಪ ಆ ದೋಣಿಯ ಮೇಲೆ ಕೈ ಆಡಿಸುವುದು, ಒಂದು ಮಾತು ಹೇಳುವುದು, ಅದಷ್ಟೇ ನನ್ನ ತಲೆಯಲ್ಲಿತ್ತು. ನನ್ನ ಅಂಟು ಹೊಸ ಕಾಲದ್ದು, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಜ್ವರ ಬಿಟ್ಟ ಮೇಲೆ ಅಪ್ಪ ಬಂದ. ಕೈ ಆಡಿಸಿದ. ಅವನ ಕಣ್ಣು ಆಗಲೇ ಮಂಜು, ಕೈಯೇ ಕಣ್ಣು. "ಏನ್ ನುಣ್ಪು! ಓಗಾ ಮುಂಚೆ ರಾತ್ರೆಲ್ಲ ಕುಂತು ಎಲ್ಲಾ ಮುಗ್ಸೇ ಓಗವ್ನಲ್ಲ ರಾಚ! ಅವ್ನಂಥ ಕೆಲ್ಸಗಾರ ಇಲ್ಲ ಕಣ್ಲಾ," ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಅಂಟು ಹತ್ತಿ ಬಿರಿದ ನನ್ನ ಬೆರಳುಗಳು ಇನ್ನೂ ಮಾಗಿರಲಿಲ್ಲ. ಮಾಡಿದವನು ನಾನು ಎನ್ನಲು ಬಾಯಿ ಬರಲಿಲ್ಲ, ಅಷ್ಟು ಸಿಟ್ಟು ಬಂದಿತ್ತು. ನನ್ನ ಕೆಲಸದ ಹೊಗಳಿಕೆಯೂ ಅವನಿಗೇ ಹೋಯಿತಲ್ಲ ಎಂದು ಹಲ್ಲು ಕಚ್ಚಿದೆ.

ರಾಚಪ್ಪ ಬಂದದ್ದು ಆಯುಧಪೂಜೆಯ ದಿನವೇ, ಕಪ್ಪು ಕನ್ನಡಕ ಹಾಕಿಕೊಂಡು. ಲಾರಿ ಬಂದು ನಿಂತಿತ್ತು, ಹತ್ತಿಸುವ ಗಡಿಬಿಡಿ. "ಸಂದಿಗ ಅತ್ತೀನೇ ಅಲ್ವ ತುಂಬಿರದು?" ಎಂದು ನನ್ನನ್ನು ಕೇಳಿದ. ಅಪ್ಪ ನಾಲ್ಕು ಮಾರು ದೂರದಲ್ಲಿ ಕುಂಬಳಕಾಯಿ ಹಿಡಿದು ನಿಂತಿದ್ದ.

"ಊಂ," ಎಂದೆ.

ಆ ಸಲ ಅಪ್ಪನೂ ಬರುತ್ತೇನೆಂದು ಹಠ ಹಿಡಿದ. ಒಂದು ಸಲ ಅದು ತೇಲುವುದನ್ನು ನೋಡಿ ಸಾಯುತ್ತೇನೆ ಎಂದ. ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ನಾನೂ ಹೋದೆ. ಕೊಚ್ಚಿಯ ಹಿನ್ನೀರಿನಲ್ಲಿ ಕ್ರೇನು ದೋಣಿಯನ್ನು ಇಳಿಸಿತು. ಪ್ರತಿ ವರ್ಷ ಇಳಿಸಿದ ಎರಡು ದಿನ ನೀರು ಒಸರುತ್ತದೆಯಂತೆ, ಮರ ಉಬ್ಬಿ ತಾನೇ ಮುಚ್ಚಿಕೊಳ್ಳುವವರೆಗೆ. ಈ ಸಲ ಒಂದು ತೊಟ್ಟೂ ಇಲ್ಲ. ರಾಚಪ್ಪ ಹಲಗೆ ಎತ್ತಿ ಎತ್ತಿ ನೋಡಿದ. "ಏನ್ ಮಾವ ಇದು ಮಾಯ!" ಎಂದ. ನಾನು ಒಳಗೊಳಗೇ ಉಬ್ಬಿದೆ.

ಮಾರನೆಯ ದಿನ ಅಪ್ಪನನ್ನು ಕೂರಿಸಿಕೊಂಡು ಹಾಯಿ ಬಿಚ್ಚಿದ. ಊರಿನಲ್ಲಿ ಹಗ್ಗ ಕಂಡಲ್ಲಿ ಗಂಟು ಹಾಕಿಕೊಂಡು ತಿರುಗುವ ಆ ಬಡಕಲು ಮನುಷ್ಯ ಅಲ್ಲಿ ಬೇರೆಯೇ ಆಗಿದ್ದ. ಕೂಗಾಟವಿಲ್ಲ, ಓಡಾಟವಿಲ್ಲ. ಹಗ್ಗ ಒಂದು ಗೇಣು ಸಡಿಲ ಬಿಟ್ಟರೆ ದೋಣಿ ವಾಲುತ್ತಿತ್ತು, ಒಂದು ಗೇಣು ಎಳೆದರೆ ಎದ್ದು ಓಡುತ್ತಿತ್ತು. ಚುಕ್ಕಾಣಿಯ ಹಿಡಿಯನ್ನು ಅಪ್ಪನ ಕೈಗೆ ಕೊಟ್ಟು, "ಎತ್ತು ಒಡ್ದಂಗೇ ಮಾವ. ಬಿಗಿಯಾಗಿ ಇಡ್ಕಬೇಡಿ, ಒಸಿ ಬುಟ್ಟು ಇಡ್ಕಳಿ. ಅದುಕ್ಕ ದಾರಿ ಗೊತ್ತು," ಎಂದ. ಅಪ್ಪ, ಜನ್ಮದಲ್ಲಿ ಸಮುದ್ರ ನೋಡದವನು, ಹಿಡಿ ಹಿಡಿದು ಕೂತು ಎತ್ತಿಗೆ ಹೇಳುವ ಹಾಗೆ ನಾಲಿಗೆಯಿಂದ ಲೊಚಗುಟ್ಟಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಾನು ಮೂಲೆಯಲ್ಲಿ ಕೂತು ಬಕೆಟ್ಟಿಗೆ ವಾಂತಿ ಮಾಡುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಸಮುದ್ರದ ಬಾಯಿಯವರೆಗೆ ಹೋಗಿಬರೋಣ ಎಂದು ಹೊರಟೆವು. ಅಪ್ಪನೇ ಚುಕ್ಕಾಣಿಗೆ. ಗಾಳಿ ಹಿತವಾಗಿತ್ತು. ಇದ್ದಕ್ಕಿದ್ದಂತೆ ಕಾಲ ಕೆಳಗೆ ಪಟ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ರಾಚಪ್ಪ ನೆಲದ ಹಲಗೆ ಎತ್ತಿದ. ದೋಣಿಯ ಎರಡು ಪಕ್ಕೆಲುಬು ಸೀಳಿ, ಒಂದು ಹಲಗೆ ಮೊಳೆ ಸಮೇತ ಹೊರಕ್ಕೆ ಎದ್ದಿತ್ತು. ನೀರು ಬುಳಬುಳ ಬರುತ್ತಿತ್ತು. ಏನಾಗಿದೆ ಎಂದು ಆ ದೋಣಿಯಲ್ಲಿ ಮೊದಲು ತಿಳಿದವನು ನಾನೇ.

"ಮಾದೇವ, ಬಕೇಟ್ ತಕ್ಕ, ಮೊಗೀ," ಎಂದ ರಾಚಪ್ಪ, ಮೆಲ್ಲಗೆ. "ಮಾವ, ಆ ತೆಂಗಿನಮರ ಕಾಣ್ತದಲ್ಲ, ಅತ್ಲಾಗ ತಿರುಗ್ಸಿ." ಹಾಯಿಯನ್ನು ಪೂರಾ ಗಾಳಿಗೆ ಬಿಟ್ಟ. ನಾನು ಮೊಗೆದೆ. ನೀರು ಪಾದ ಮುಳುಗಿಸಿತು, ಮೀನಖಂಡ ಮುಟ್ಟಿತು. ಅಪ್ಪನಿಗೆ ಈಜು ಬರುವುದಿಲ್ಲ, ನನಗೂ ಬರುವುದಿಲ್ಲ. ನನ್ನ ಕೈಯಾರೆ ಅಪ್ಪನನ್ನು ಮುಳುಗಿಸುತ್ತಿದ್ದೇನೆ ಎಂದು ಗೊತ್ತಿದ್ದೂ ಬಾಯಿ ಬಿಡದೆ ಮೊಗೆಯುತ್ತಿದ್ದೆ. ರಾಚಪ್ಪ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯನ್ನು ಅಪ್ಪನ ಹೆಗಲ ಮೇಲೆ ಇಟ್ಟುಕೊಂಡು ನಿಂತಿದ್ದ. ದೋಣಿ ಭಾರವಾಗಿ, ನಿಧಾನವಾಗಿ ಹೋಗಿ, ಮೀನುಗಾರರ ಗುಡಿಸಲುಗಳ ಮುಂದಿನ ಕೆಸರಿನ ದಡಕ್ಕೆ ಮೂತಿ ನಾಟಿ ನಿಂತಿತು.

ಇಳಿತ ಬಂದು ಸಮುದ್ರದ ನೀರಿಳಿದ ಮೇಲೆ ದೋಣಿ ಕೆಸರಿನಲ್ಲಿ ಮಗ್ಗುಲಾಗಿ ಮಲಗಿತು. ಅಪ್ಪ ಒದ್ದೆ ಪಂಚೆಯಲ್ಲೇ ಬಂದು, ಎದ್ದ ಹಲಗೆಯ ಸಂದಿಗೆ ಸೊಂಟದ ಚಾಕು ಹಾಕಿದ. ಚಾಕು ಇಳಿಯಲಿಲ್ಲ. ಕೆತ್ತಿ ಒಂದು ತುಣುಕು ತೆಗೆದು ಹಲ್ಲಿನಲ್ಲಿ ಕಚ್ಚಿ ನೋಡಿದ. ಮುಖ ಕಪ್ಪಿಟ್ಟಿತು.

"ಕಲ್ ತುಂಬವ್ನೆ. ಮರುಕ್ಕ ಉಸ್ರಾಡಾಕ ಜಾಗ ಬುಡ್ದೆ ಕಲ್ ತುಂಬವ್ನೆ," ಎಂದು ರಾಚಪ್ಪನ ಕಡೆ ತಿರುಗಿದ. "ನೀನೇನ್ಲಾ ಮಾಡ್ದವ?"

ರಾಚಪ್ಪ ಕಪ್ಪು ಕನ್ನಡಕ ತೆಗೆದ. ನನ್ನನ್ನು ನೋಡಿದ, ಒಂದೇ ಒಂದು ಸಲ. ನನ್ನ ಕೈಯಲ್ಲಿ ಇನ್ನೂ ಬಕೆಟ್ಟಿತ್ತು. ನಾನು ಆಗ ಹೇಳಬೇಕಾಗಿತ್ತು. ಹೇಳಲು ಬೇಕಾದಷ್ಟು ಹೊತ್ತೂ ಇತ್ತು.

"ಊಂ ಮಾವ. ಆತ್ರ ಬಿದ್ಬುಟ್ಟಿ. ನಂದೇ ತಪ್ಪು," ಎಂದ ರಾಚಪ್ಪ.

ಅಪ್ಪ ಅವನಿಗೆ ಬಯ್ದ ಬಯ್ಗುಳವನ್ನು ಇಲ್ಲಿ ಬರೆಯಲಾರೆ. ಮೀನುಗಾರ ಹೆಂಗಸರು ಭಾಷೆ ತಿಳಿಯದಿದ್ದರೂ ಮುಖ ತಿರುಗಿಸಿಕೊಂಡರು. ರಾಚಪ್ಪ ಕೆಸರಿನಲ್ಲಿ ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ ಅಪ್ಪ ನನ್ನ ಭುಜ ಹಿಡಿದುಕೊಂಡು ದಡ ಹತ್ತುತ್ತಾ, ತಿರುಗಿ ಹೇಳಿದ: "ನಮ್ ಮಾದೇವ ಇಂಗ ಮಾಡ್ತಿರ್ಲಿಲ್ಲ ಕಣ್ಲಾ. ಚಕ್ರ ನೆನ್ಸಿ ಬೆಳ್ದವ ಅವ್ನು. ಅವ್ನು ನನ್ ಮಗ."

ಐವತ್ತು ವರ್ಷದಿಂದ ನಾನು ಕಾದಿದ್ದ ಮಾತು ಅದು.

ಊರಿಗೆ ಬಂದ ಮೇಲೆ ಅಪ್ಪ ನನ್ನ ಅಂಗಡಿಗೆ ಬರತೊಡಗಿದ. ಬಾಗಿಲ ಬಳಿ ಒಂದು ಸ್ಟೂಲು ಹಾಕಿಕೊಂಡು ಕೂತು ಮೊಳೆ ಆರಿಸಿಕೊಡುತ್ತಿದ್ದ. ಪ್ಲೈವುಡ್ಡಿನ ಅಂಚನ್ನು ಮುಟ್ಟಿ, "ಪರ್ವಾಗಿಲ್ಲ, ಸಮ್ಕ ಕುಯ್ದಿದ್ದೀಯ," ಎನ್ನುತ್ತಿದ್ದ. ಗಿರಾಕಿಗಳಿಗೆ ನಮ್ಮ ಮಾದೇವನ ಕೈ ನಿಧಾನ, ಆದರೆ ನಂಬಬಹುದು ಎಂದು ಹೇಳುತ್ತಿದ್ದ. ರಾಚಪ್ಪನ ಹೆಸರೆತ್ತಿದರೆ, "ಆತ್ರಗಾರ," ಎಂದು ಮಾತು ಮುಗಿಸುತ್ತಿದ್ದ. ನನಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಕದ್ದ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಾರೆ, ಸುಳ್ಳು. ಇಳಿಯುತ್ತದೆ. ದಿನಾ ತಿಂದೆ. ಇವತ್ತು ಹೇಳುತ್ತೇನೆ ನಾಳೆ ಹೇಳುತ್ತೇನೆ ಎನ್ನುತ್ತಾ ಹದಿನಾಲ್ಕು ತಿಂಗಳು ತಿಂದೆ. ಒಂದು ಬೆಳಿಗ್ಗೆ ಅಪ್ಪ ಏಳಲಿಲ್ಲ.

ಆ ಹದಿನಾಲ್ಕು ತಿಂಗಳೂ ರಾಚಪ್ಪ ಕೊಚ್ಚಿಯಲ್ಲೇ ಇದ್ದು ದೋಣಿಯ ಪಕ್ಕೆಲುಬು ಬದಲಿಸಿ, ಹಲಗೆ ಕೂರಿಸಿ, ನಾನು ತುಂಬಿದ ಕಲ್ಲನ್ನು ಗೇಣು ಗೇಣಾಗಿ ಕೆತ್ತಿ ತೆಗೆದಿದ್ದ. ಸುದ್ದಿ ಕೇಳಿ ಬಂದ. ಅಪ್ಪನ ಕಾಲು ಮುಟ್ಟಿ ಮಗುವಿನ ಹಾಗೆ ಅತ್ತ. ನಾನು ಅಷ್ಟು ಅಳಲಿಲ್ಲ ಎಂದು ಯಾರಾದರೂ ಗಮನಿಸಿದರೇನೋ ಎಂದು ಸುತ್ತ ನೋಡಿದೆ. ಅಂಥ ಹೊತ್ತಿನಲ್ಲೂ ನನ್ನ ಬುದ್ಧಿ ಅಷ್ಟೇ.

ತಿಥಿ ಮುಗಿದ ಮಾರನೆಯ ದಿನ ಅವನನ್ನು ಬಸ್ಸಿಗೆ ಬಿಡಲು ತಾಳವಾಡಿ ಬಸ್‌ಸ್ಟ್ಯಾಂಡಿಗೆ ಹೋದೆ. ಅದೇ ನಮ್ಮ ಕೊನೆಯ ಭೇಟಿ. ಅವನು ಮತ್ತೆ ಬೆಟ್ಟ ಹತ್ತಿಲ್ಲ. ನಂಬರ್ ಬದಲಿಸಿದನೋ, ನನ್ನನ್ನು ಬೇಡವೆಂದನೋ, ಫೋಟೋಗಳೂ ಬರುವುದಿಲ್ಲ.

ಕಲ್ಲುಬೆಂಚಿನ ಮೇಲೆ ಕೂತು ಟೀ ಕುಡಿದೆವು. "ಈ ವರ್ಸ ದೋಣಿ ಯಾವಾಗ ತತ್ತೀಯೆ?" ಎಂದು ಕೇಳಿದೆ.

"ಇನ್ನ ತರಕಿಲ್ಲ ಕಣ್ಲಾ," ಎಂದ. "ಮಾವನೇ ಇಲ್ಲ. ಮುಟ್ಟಿ ನೋಡವ್ರು ಯಾರವ್ರ ಇಲ್ಲಿ?"

ನಾನಿದ್ದೇನಲ್ಲ ಎನ್ನಬೇಕೆನ್ನಿಸಿತು. ಅವನ ಮುಂದೆ ಅರ್ಧ ಮಾರು ದೂರದಲ್ಲಿ ಒಬ್ಬ ಆಚಾರಿಯೇ ಕೂತಿದ್ದ. ಅವನು ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಬೇಕೆಂದೇ ಬಿಟ್ಟದ್ದೂ ಅಲ್ಲ. ಆಗ ಮೊದಲ ಬಾರಿಗೆ ನನಗೆ ಸತ್ತ ಅಪ್ಪನನ್ನು ಕಂಡು ಹೊಟ್ಟೆ ಉರಿಯಿತು.

"ಅವತ್ತು ಯಾಕ್ಲಾ ಅಂಗಂದೆ?" ಎಂದೆ.

"ಯಾವತ್ತು?"

"ಕೆಸ್ರಲ್ಲಿ. ನಾನು ಅಂತ ನಿಂಗ ಗೊತ್ತಿತ್ತು. ಯಾಕ ಏಳ್ಲಿಲ್ಲ?"

ರಾಚಪ್ಪ ಟೀ ಲೋಟದ ತಳದ ಸಕ್ಕರೆಯನ್ನು ಬೆರಳಿನಿಂದ ಬಳಿದು ನೆಕ್ಕಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದೊಡ್ಡಸ್ತಿಕೆಯೂ ಇರಲಿಲ್ಲ. ಉಂಡೆಯಾ ಎಂದು ಕೇಳುವ ಹಾಗೆ ಕೇಳಿದ.

"ನಂಗ ದೋಣಿ ಇತ್ತು ಕಣ್ಲಾ ಮಾದೇವ. ನಿಂಗ ಏನಿತ್ತು?"

ಅಷ್ಟರಲ್ಲಿ ಸತ್ಯಮಂಗಲದ ಬಸ್ಸು ಬಂತು. ಅವನು ಚೀಲ ಹೆಗಲಿಗೆ ಹಾಕಿಕೊಂಡು ನೂಕಾಟದಲ್ಲಿ ಹತ್ತಿದ. ಬಸ್ಸು ತುಂಬಿ ತುಳುಕುತ್ತಿತ್ತು, ಹೆಂಗಸರು ಮಕ್ಕಳು ನಿಂತಿದ್ದರು. ಆದರೂ ಯಾರೋ ಎದ್ದು ಅವನಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.